ಗಫಾರ್ ಬಾಬಾ ಮೇಷ್ಟ್ರು ಬಿಟ್ಟುಹೋದ ಕುರ್ಚಿ: ಮಲೇಷ್ಯಾದಲ್ಲಿ ‘ಉಪ’ ಸ್ಥಾನಕ್ಕೆ ಏಕಿಷ್ಟು ಜಗಳ?

2025ರ ಮೇ ತಿಂಗಳಲ್ಲಿ ಮಲೇಷ್ಯಾದಿಂದ ಬಂದ ಸುದ್ದಿಯೊಂದು ನಮ್ಮಲ್ಲಿ ಹಲವರನ್ನು ಗೊಂದಲಕ್ಕೆ ತಳ್ಳಿತು. ಪ್ರಧಾನಿ ಅನ್ವರ್ ಇಬ್ರಾಹಿಂ ಅವರ ಪಿಕೆಆರ್ ಪಕ್ಷದಲ್ಲಿ ಆಂತರಿಕ ಚುನಾವಣೆ ನಡೆಯಿತು. ಅಧ್ಯಕ್ಷ ಸ್ಥಾನಕ್ಕೆ ಅನ್ವರ್ ಅವಿರೋಧವಾಗಿ ಆಯ್ಕೆಯಾದರು. ಉಪಾಧ್ಯಕ್ಷ ಸ್ಥಾನಕ್ಕೆ ಅವರ ಮಗಳು ನೂರುಲ್ ಇಝ್ಝಾ ನಿಂತು, ಹಾಲಿ ಉಪಾಧ್ಯಕ್ಷ ರಫೀಝಿ ರಮ್ಲಿ ಅವರನ್ನು 9,803 ಮತಗಳಿಗೆ 3,866ರಂತೆ ಸೋಲಿಸಿದರು. ಕೆಲವೇ ದಿನಗಳಲ್ಲಿ ರಫೀಝಿ ದೇಶದ ಆರ್ಥಿಕ ವ್ಯವಹಾರಗಳ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಪಕ್ಷದ ಇನ್ನೊಂದು ಪದವಿಯಲ್ಲಿ ಸೋತಿದ್ದ ಪರಿಸರ ಸಚಿವ ನಿಕ್ ನಾಝ್ಮಿ ಕೂಡ ಅದೇ ಹಾದಿ ಹಿಡಿದರು.

ಪಕ್ಷದೊಳಗೆ ಸೋತರೆ ಸಂಪುಟ ಏಕೆ ಬಿಡಬೇಕು? ಗೆದ್ದವರೇನೂ ಉಪಪ್ರಧಾನಿ ಆಗಲಿಲ್ಲ, ಹಾಗಿದ್ದಾಗ ಈ ಹುದ್ದೆಗೆ ಇಷ್ಟು ಬೆಲೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಬೇಕಾದರೆ ಮಲಯ್ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತ ಬೆಳೆದು ಉಪಪ್ರಧಾನಿಯಾದ, ಮತ್ತು 1993ರಲ್ಲಿ ಇದೇ ಅನ್ವರ್ ಅವರ ಅಲೆಗೆ ಸಿಕ್ಕಿ ಆ ಕುರ್ಚಿ ಬಿಟ್ಟು ಇಳಿದ ಅಬ್ದುಲ್ ಗಫಾರ್ ಬಾಬಾ ಅವರ ಬದುಕನ್ನು ನೋಡಬೇಕು. ಅವರ ಏರಿಳಿತದಲ್ಲಿ ಆ ದೇಶದ ರಾಜಕಾರಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಸಂವಿಧಾನದಲ್ಲಿಲ್ಲದ ಹುದ್ದೆ

ಮಲೇಷ್ಯಾದ ಸಂವಿಧಾನದಲ್ಲಿ ಉಪಪ್ರಧಾನಿ ಎಂಬ ಹುದ್ದೆಗೆ ಪ್ರತ್ಯೇಕ ವಿಧಿಯಿಲ್ಲ. ಸಂಸತ್ತಿನ ಕೆಳಮನೆಯಲ್ಲಿ ಬಹುಮತದ ವಿಶ್ವಾಸ ಯಾರಿಗಿದೆ ಎಂದು ರಾಜರಿಗೆ ತೋರುತ್ತದೆಯೋ ಆ ಸದಸ್ಯರು ಪ್ರಧಾನಿಯಾಗುತ್ತಾರೆ, ಉಳಿದವರೆಲ್ಲ ಸಚಿವರು. ಕನ್ನಡ ಓದುಗರಿಗೆ ಇದು ಹೊಸದಲ್ಲ. ನಮ್ಮ ಸಂವಿಧಾನದಲ್ಲೂ ಉಪಪ್ರಧಾನಿ, ಉಪಮುಖ್ಯಮಂತ್ರಿ ಎಂಬ ಹೆಸರುಗಳಿಲ್ಲ. 1989ರಲ್ಲಿ ದೇವಿಲಾಲ್ ‘ಉಪಪ್ರಧಾನಿ’ ಎಂದೇ ಪ್ರಮಾಣವಚನ ಓದಿದಾಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದು ಬರೀ ವಿವರಣೆಯ ಪದ, ಅಧಿಕಾರದಲ್ಲಿ ಅವರೂ ಸಚಿವರೇ ಎಂದು ತೀರ್ಮಾನವಾಯಿತು.

ಆದರೆ ಮಲೇಷ್ಯಾದಲ್ಲಿ ರೂಢಿ ಕಾನೂನಿಗಿಂತ ಗಟ್ಟಿಯಾಗಿ ಬೇರೂರಿತು. 1957ರ ಸ್ವಾತಂತ್ರ್ಯದಿಂದ 2018ರವರೆಗೆ ಅಮ್ನೋ ಎಂಬ ಮಲಯ್ ಪಕ್ಷವೇ ಆಳುವ ಕೂಟದ ಯಜಮಾನ. ಅಮ್ನೋ ಅಧ್ಯಕ್ಷರೇ ಪ್ರಧಾನಿ, ಉಪಾಧ್ಯಕ್ಷರೇ ಉಪಪ್ರಧಾನಿ. ತುನ್ ರಜಾಕ್, ಹುಸೇನ್ ಓನ್, ಮಹಾತಿರ್, ಅಬ್ದುಲ್ಲಾ ಬದಾವಿ, ನಜೀಬ್ ಎಲ್ಲರೂ ಉಪಪ್ರಧಾನಿಯಾಗಿದ್ದು ನೇರವಾಗಿ ಪ್ರಧಾನಿ ಪೀಠಕ್ಕೆ ಬಂದವರು. ಹೀಗಾಗಿ ಪಕ್ಷದ ಎರಡನೇ ಸ್ಥಾನಕ್ಕೆ ಬೀಳುವ ಮತ ದೇಶದ ಮುಂದಿನ ಪ್ರಧಾನಿಗೆ ಬಿದ್ದ ಮತವೆಂದೇ ಎಣಿಕೆಯಾಗುತ್ತಿತ್ತು. ಆ ಮತ ಹಾಕುತ್ತಿದ್ದವರು ಒಂದೆರಡು ಸಾವಿರ ಪಕ್ಷ ಪ್ರತಿನಿಧಿಗಳು. ಅವರು ಯಾರು, ಯಾವ ವೃತ್ತಿಯವರು ಎಂಬುದರ ಮೇಲೆ ದೇಶದ ದಿಕ್ಕು ನಿಂತಿತ್ತು.

ಬುಟ್ಟಿ ಹೆಣೆಯಲು ಕಲಿಸಿದ ಕಾಲೇಜು

ಗಫಾರ್ ಬಾಬಾ ಹುಟ್ಟಿದ್ದು 1925ರ ಫೆಬ್ರವರಿ 18ರಂದು, ನೆಗೆರಿ ಸೆಂಬಿಲಾನ್ ರಾಜ್ಯದ ಕುವಾಲಾ ಪಿಲಾದಲ್ಲಿ. ಬಡ ಕುಟುಂಬ, ಬೆಳೆದದ್ದು ಪಕ್ಕದ ಮಲಕ್ಕಾದಲ್ಲಿ. ಆಗ ಮಲಯಾ ಬ್ರಿಟಿಷರ ಕೈಯಲ್ಲಿತ್ತು. ಮಲಯ್ ಮಕ್ಕಳಿಗೆ ಅವರು ಎರಡು ದಾರಿ ಹಾಕಿಟ್ಟಿದ್ದರು. ರಾಜಮನೆತನ ಮತ್ತು ಕುಲೀನರ ಮಕ್ಕಳಿಗೆ 1905ರಲ್ಲಿ ಸ್ಥಾಪಿಸಿದ ಕುವಾಲಾ ಕಾಂಗ್ಸಾರ್‌ನ ಮಲಯ್ ಕಾಲೇಜು: ಇಂಗ್ಲಿಷ್ ಮಾಧ್ಯಮ, ಮುಂದೆ ಸರ್ಕಾರಿ ಅಧಿಕಾರಿಯ ಕುರ್ಚಿ. ರೈತರ, ಮೀನುಗಾರರ ಮಕ್ಕಳಿಗೆ ಹಳ್ಳಿಯ ಮಲಯ್ ಪ್ರಾಥಮಿಕ ಶಾಲೆ. ಅಲ್ಲಿಗೆ ಓದು ಮುಗಿಯಿತು. ಮಲಯ್ ಮಾಧ್ಯಮದಲ್ಲಿ ಪ್ರೌಢಶಾಲೆಯೇ ಇರಲಿಲ್ಲ. ರೈತನ ಮಗ ಅಪ್ಪನಿಗಿಂತ ಸ್ವಲ್ಪ ಜಾಣ ರೈತನಾದರೆ ಸಾಕು, ಅದಕ್ಕಿಂತ ಮೇಲಿನ ಆಸೆ ಹುಟ್ಟಬಾರದು ಎಂಬುದು ಆಡಳಿತದ ಬಹಿರಂಗ ನೀತಿ.

ಆ ಹಳ್ಳಿ ಹುಡುಗರಿಗೆ ತೆರೆದಿದ್ದ ಒಂದೇ ಮೆಟ್ಟಿಲೆಂದರೆ ಪೆರಾಕ್ ರಾಜ್ಯದ ತಂಜೊಂಗ್ ಮಾಲಿಮ್‌ನಲ್ಲಿ 1922ರಲ್ಲಿ ಆರಂಭವಾದ ಸುಲ್ತಾನ್ ಇದ್ರಿಸ್ ಶಿಕ್ಷಕರ ತರಬೇತಿ ಕಾಲೇಜು. ಶಿಕ್ಷಣಾಧಿಕಾರಿ ರಿಚರ್ಡ್ ವಿನ್‌ಸ್ಟೆಡ್ ಜಾವಾ ಮತ್ತು ಫಿಲಿಪೀನ್ಸ್ ಸುತ್ತಿ ಬಂದು ರೂಪಿಸಿದ ಯೋಜನೆ ಅದು. ಅಲ್ಲಿನ ಪಠ್ಯದಲ್ಲಿ ಬುಟ್ಟಿ ಹೆಣೆಯುವುದು, ತೋಟಗಾರಿಕೆ ಎಲ್ಲವೂ ಇತ್ತು. ಹಳ್ಳಿಯವರನ್ನು ಹಳ್ಳಿಯಲ್ಲೇ ಉಳಿಸಬಲ್ಲ ಮೇಷ್ಟರುಗಳನ್ನು ತಯಾರು ಮಾಡುವುದು ಉದ್ದೇಶ.

ಆದದ್ದು ಬೇರೆಯೇ. ಅಲ್ಲಿಯವರೆಗೆ ಪೆರಾಕಿನವನು ಪೆರಾಕಿನ ಸುಲ್ತಾನನ ಪ್ರಜೆ, ಜೊಹೊರಿನವನು ಜೊಹೊರಿನ ಪ್ರಜೆ. ಎಲ್ಲ ರಾಜ್ಯಗಳ ಹಳ್ಳಿ ಹುಡುಗರು ಒಂದೇ ವಸತಿನಿಲಯದಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಭಾಷೆಯಲ್ಲಿ ಓದಿದಾಗ ‘ನಾವೆಲ್ಲ ಒಂದು ಜನ’ ಎಂಬ ಭಾವ ಮೊಳೆಯಿತು. ಪಠ್ಯಪುಸ್ತಕಕ್ಕೆಂದು ಅಲ್ಲಿ ತೆರೆದ ಅನುವಾದ ವಿಭಾಗದಲ್ಲಿ ಜಾಬಾ ಅವರಂತಹ ವಿದ್ವಾಂಸರು ಮಲಯ್ ಭಾಷೆಗೆ ಆಧುನಿಕ ಗದ್ಯದ ಕಸುವು ತುಂಬಿದರು. ಈ ಕಾಲೇಜಿನಿಂದ ಹೊರಬಂದ ಇಬ್ರಾಹಿಂ ಯಾಕೂಬ್ 1938ರಲ್ಲಿ ಬ್ರಿಟಿಷ್ ವಿರೋಧಿ ಯುವ ಸಂಘಟನೆಯನ್ನೇ ಕಟ್ಟಿದರು. ಅದೇ ಅಂಗಳದಿಂದ 1940ರ ದಶಕದಲ್ಲಿ ಹೊರಬಂದವರು ಗಫಾರ್ ಬಾಬಾ.

ಮಲಯ್ ಹಳ್ಳಿಗಳಲ್ಲಿ ಮೇಷ್ಟರನ್ನು ‘ಚೆಗು’ ಎನ್ನುತ್ತಾರೆ. ಗೌರವಸೂಚಕವಾದ ‘ಎಂಚಿಕ್’ ಜೊತೆಗೆ ‘ಗುರು’ ಸೇರಿ ಆದ ಪದ. ಆ ಗುರು ನಮ್ಮ ಗುರುವೇ, ಸಂಸ್ಕೃತದಿಂದ ಅಲ್ಲಿಗೂ ಹೋದದ್ದು. ಚೆಗು ಕೇವಲ ಪಾಠ ಹೇಳುವವರಲ್ಲ. ಪತ್ರಿಕೆ ಓದಿ ಹೇಳುವವರು, ಅರ್ಜಿ ಬರೆದುಕೊಡುವವರು, ಜಗಳ ಬಿಡಿಸುವವರು. 1946ರಲ್ಲಿ ಮಲಯ್ ರಾಜ್ಯಗಳನ್ನೆಲ್ಲ ಒಂದೇ ಆಡಳಿತಕ್ಕೆ ತರುವ ಬ್ರಿಟಿಷರ ‘ಮಲಯನ್ ಯೂನಿಯನ್’ ಯೋಜನೆಯ ವಿರುದ್ಧ ಅಮ್ನೋ ಹುಟ್ಟಿದಾಗ ಅದರ ಮೇಲ್ತುದಿಯಲ್ಲಿ ಇದ್ದವರು ಕುಲೀನರು ಮತ್ತು ಇಂಗ್ಲಿಷ್ ಕಲಿತ ಅಧಿಕಾರಿಗಳು. ಹಳ್ಳಿ ಹಳ್ಳಿಯಲ್ಲಿ ಶಾಖೆ ತೆರೆದು, ಸದಸ್ಯರ ಪಟ್ಟಿ ಬರೆದು, ಜನರನ್ನು ಮತಗಟ್ಟೆಗೆ ಕರೆತಂದವರು ಚೆಗುಗಳು. ಪಕ್ಷದ ಮುಖ ಒಬ್ಬರದಾದರೆ ಬೆನ್ನೆಲುಬು ಇನ್ನೊಬ್ಬರದು.

ಗಫಾರ್ ಅವರು ಆ ಬೆನ್ನೆಲುಬಿನಿಂದ ಎದ್ದುಬಂದವರು. 1950ರ ದಶಕದ ನಡುವೆ ಶಾಲೆ ಬಿಟ್ಟು ಪೂರ್ಣ ರಾಜಕಾರಣಕ್ಕೆ ಇಳಿದರು. 1959ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೆ ಮಲಕ್ಕಾದ ಮುಖ್ಯಮಂತ್ರಿ. 1967ರವರೆಗೆ ಅದೇ ಹುದ್ದೆ. ಬಳಿಕ ಗ್ರಾಮೀಣ ಮಲಯ್ ಜನರ ಆರ್ಥಿಕ ಏಳಿಗೆಗೆಂದು ಸ್ಥಾಪಿಸಿದ ಮಾರಾ ಸಂಸ್ಥೆಯ ಹೊಣೆ, ಮುಂದೆ ಗ್ರಾಮೀಣಾಭಿವೃದ್ಧಿ ಸಚಿವ ಸ್ಥಾನ. ವಿಶ್ವವಿದ್ಯಾಲಯದ ಪದವಿಯಿಲ್ಲ, ಇಂಗ್ಲಿಷಿನಲ್ಲಿ ಸಲೀಸು ಇಲ್ಲ. ಶಾಖೆಗಳ ಕಾರ್ಯಕರ್ತರಿಗೆ ಅದು ಕೊರತೆಯಾಗಿ ಕಾಣಲಿಲ್ಲ. ಕೌಲಾಲಂಪುರದ ಮೇಲ್ವರ್ಗಕ್ಕೆ ಮಾತ್ರ ಕೊನೆಯವರೆಗೂ ಕಾಣುತ್ತಲೇ ಇತ್ತು.

ಹೆಚ್ಚು ಮತ ಬಂದವರಿಗೆ ಸಿಗದ ಸ್ಥಾನ

1975ರ ಪಕ್ಷದ ಚುನಾವಣೆಯಲ್ಲಿ, ಉಪಾಧ್ಯಕ್ಷರ ಕೆಳಗಿನ ಹಂತದಲ್ಲಿ ಬರುವ ಮೂರು ಸಹಾಧ್ಯಕ್ಷ ಸ್ಥಾನಗಳಿಗೆ ಮತದಾನ ನಡೆದು ಗಫಾರ್ ಮೊದಲನೆಯವರಾಗಿ ಬಂದರು. ತೆಂಗ್ಕು ರಜಾಲೆ ಎರಡನೆಯವರು, ಮಹಾತಿರ್ ಮೂರನೆಯವರು. ಮರುವರ್ಷ ಜನವರಿಯಲ್ಲಿ ಪ್ರಧಾನಿ ತುನ್ ರಜಾಕ್ ತೀರಿಕೊಂಡರು. ಹುಸೇನ್ ಓನ್ ಪ್ರಧಾನಿಯಾಗಿ ತಮ್ಮ ಉಪಪ್ರಧಾನಿಯಾಗಿ ಆರಿಸಿಕೊಂಡದ್ದು ಮೂರನೇ ಸ್ಥಾನದ ಮಹಾತಿರ್ ಅವರನ್ನು.

ಗಫಾರ್ ಹೊಸ ಸಂಪುಟಕ್ಕೆ ಬರಲು ಒಪ್ಪದೆ ಉದ್ಯಮದ ಕಡೆ ಹೊರಟರು. ಪಕ್ಷ ಬಿಡಲಿಲ್ಲ, ಆಳುವ ಕೂಟದ ಪ್ರಧಾನ ಕಾರ್ಯದರ್ಶಿಯಾಗಿ ಮಿತ್ರಪಕ್ಷಗಳ ನಡುವಿನ ಕೊಂಡಿಯಾಗಿ ಉಳಿದರು. ಪ್ರತಿನಿಧಿಗಳ ಮತಕ್ಕಿಂತ ಪ್ರಧಾನಿಯ ಆಯ್ಕೆ ದೊಡ್ಡದು ಎಂಬುದು ಇಲ್ಲಿ ಸಾಬೀತಾಯಿತು. ಹತ್ತು ವರ್ಷದ ಮೇಲೆ ಅದೇ ನಿಯಮ ಅವರ ಪರವಾಗಿ ಕೆಲಸ ಮಾಡಿತು. 1986ರಲ್ಲಿ ಮಹಾತಿರ್ ಜೊತೆ ಮನಸ್ತಾಪವಾಗಿ ಉಪಪ್ರಧಾನಿ ಮುಸಾ ಹಿತಾಂ ಹೊರನಡೆದರು. ಆಗ ಮಹಾತಿರ್ ಕರೆದದ್ದು ಗಫಾರ್ ಅವರನ್ನು. ಶಾಖೆಗಳಲ್ಲಿ ನೆಲೆಯಿದ್ದ, ಆದರೆ ತಮ್ಮನ್ನು ಕೆಳಗಿಳಿಸುವ ಆತುರವಿಲ್ಲದ ಹಿರಿಯರು ಅವರಿಗೆ ಬೇಕಾಗಿದ್ದರು.

ನಲವತ್ತು ಮತಗಳ ಅಂತರ, ನಲವತ್ತೊಂದು ತಿರಸ್ಕೃತ ಮತಪತ್ರ

1987ರ ಏಪ್ರಿಲ್ 24ರ ಅಮ್ನೋ ಚುನಾವಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂದು ಮತ ಹಾಕಿದ ಪ್ರತಿನಿಧಿಗಳು 1,479. ಅಧ್ಯಕ್ಷ ಸ್ಥಾನಕ್ಕೆ ಮಹಾತಿರ್ 761, ರಜಾಲೆ 718. ಉಪಾಧ್ಯಕ್ಷ ಸ್ಥಾನಕ್ಕೆ ಗಫಾರ್ 739, ಮುಸಾ ಹಿತಾಂ 699. ಈ ಎರಡನೇ ಲೆಕ್ಕದಲ್ಲಿ 41 ಮತಪತ್ರಗಳು ಅಸಿಂಧುವಾಗಿದ್ದವು. ಗೆಲುವಿನ ಅಂತರ 40. ತಿರಸ್ಕೃತವಾದದ್ದು ಅದಕ್ಕಿಂತ ಒಂದು ಹೆಚ್ಚು. ಮುಂದಿನ ಪ್ರಧಾನಿ ಯಾರೆಂಬ ಪ್ರಶ್ನೆ ಇಷ್ಟು ಸಣ್ಣ ಎಳೆಯ ಮೇಲೆ ತೂಗಾಡಿತ್ತು.

ಸೋತ ಬಣದವರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಲವು ಶಾಖೆಗಳು ನೋಂದಣಿಯೇ ಆಗಿರಲಿಲ್ಲ, ಅಲ್ಲಿಂದ ಬಂದ ಪ್ರತಿನಿಧಿಗಳ ಮತ ಸಲ್ಲದು ಎಂಬುದು ಅವರ ವಾದ. 1988ರ ಫೆಬ್ರವರಿಯಲ್ಲಿ ಹೈಕೋರ್ಟ್, ನೋಂದಣಿಯಿಲ್ಲದ ಶಾಖೆಗಳಿದ್ದ ಕಾರಣಕ್ಕೆ ಅಮ್ನೋ ಪಕ್ಷವೇ ಕಾನೂನುಬಾಹಿರ ಸಂಘ ಎಂದು ತೀರ್ಪು ಕೊಟ್ಟಿತು. ಮಹಾತಿರ್ ಹೊಸ ಅಮ್ನೋ ಕಟ್ಟಿದರು, ರಜಾಲೆ ಬೇರೆ ಪಕ್ಷ ಕಟ್ಟಿದರು. ಉನ್ನತ ಸ್ಥಾನಕ್ಕೆ ನೇರ ಸ್ಪರ್ಧೆ ನಡೆದರೆ ಪಕ್ಷವೇ ಮುರಿಯುತ್ತದೆ ಎಂಬ ಭಯ ಅಮ್ನೋ ಒಳಗೆ ಕೂತದ್ದು ಈ ಘಟನೆಯಿಂದ. ಅದು ಇಂದಿಗೂ ಹೋಗಿಲ್ಲ.

ಮತ ಹಾಕುವವರೇ ಬದಲಾದರು

ಅದೇ ಹೊತ್ತಿಗೆ ಸದ್ದಿಲ್ಲದೆ ಇನ್ನೊಂದು ಬದಲಾವಣೆ ನಡೆದಿತ್ತು. ನನ್ನ ದೃಷ್ಟಿಯಲ್ಲಿ ಗಫಾರ್ ಅವರನ್ನು ಇಳಿಸಿದ್ದು ಯಾವ ವ್ಯಕ್ತಿಗಿಂತ ಹೆಚ್ಚಾಗಿ ಈ ಬದಲಾವಣೆ. 1981ರ ಅಮ್ನೋ ಮಹಾಸಭೆಯ ಪ್ರತಿನಿಧಿಗಳಲ್ಲಿ ಶೇ 40ರಷ್ಟು ಶಾಲಾ ಶಿಕ್ಷಕರಿದ್ದರು. 1987ರ ಹೊತ್ತಿಗೆ ಅವರ ಪಾಲು ಶೇ 19ಕ್ಕೆ ಇಳಿಯಿತು. ಉದ್ಯಮಿಗಳ ಪಾಲು ಶೇ 25ಕ್ಕೆ ಏರಿತು. ಆರು ವರ್ಷದಲ್ಲಿ ಮೇಷ್ಟರುಗಳ ಪಕ್ಷ ಗುತ್ತಿಗೆದಾರರ ಪಕ್ಷವಾಗತೊಡಗಿತು.

ಕಾರಣ 1971ರ ಹೊಸ ಆರ್ಥಿಕ ನೀತಿ. ಮಲಯ್ ಮತ್ತಿತರ ಮೂಲನಿವಾಸಿಗಳ ಕೈಗೆ ಕಂಪನಿಗಳ ಬಂಡವಾಳದ ಶೇ 30ರಷ್ಟು ಬರಬೇಕು ಎಂಬುದು ಅದರ ಗುರಿ. ನೀತಿಯ ಹಿಂದಿನ ಅನ್ಯಾಯದ ಅರಿವು ನಿಜವಾದದ್ದು. ಗಫಾರ್ ಅವರಂತಹವರು ಬಾಲ್ಯದಲ್ಲಿ ಉಂಡ ಬಡತನವೇ ಅದಕ್ಕೆ ಸಾಕ್ಷಿ. ಆದರೆ ಪರವಾನಗಿ, ಷೇರು ಹಂಚಿಕೆ, ಸರ್ಕಾರಿ ಗುತ್ತಿಗೆಗಳು ಆಳುವ ಪಕ್ಷದ ಬಾಗಿಲಿನ ಮೂಲಕ ಹೋಗತೊಡಗಿದಾಗ ಪಕ್ಷದ ಶಾಖಾ ಅಧ್ಯಕ್ಷ ಸ್ಥಾನಕ್ಕೆ ಹಣದ ಬೆಲೆ ಬಂತು. ಮೇಷ್ಟರ ಸಂಬಳದಲ್ಲಿ ಗೆಲ್ಲಲಾಗದ ಸ್ಥಾನವಾಯಿತು ಅದು. ಗುತ್ತಿಗೆ ಹಿಡಿದವರಿಗೆ ಮುಂದೆ ಯಾರು ಬರುತ್ತಾರೆ ಎಂಬ ಲೆಕ್ಕ ಮುಖ್ಯ. ಹಿಂದೆ ಯಾರು ದುಡಿದರು ಎಂಬ ಋಣವಲ್ಲ.

ನಮ್ಮ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗೆಂದೇ ಕ್ಷೇತ್ರಗಳಿವೆ. ಮಲೇಷ್ಯಾದ ಚೆಗುಗಳಿಗೆ ಅಂತಹ ಕಟ್ಟಿಟ್ಟ ಜಾಗ ಯಾವುದೂ ಇರಲಿಲ್ಲ. ಶಾಖೆ ಕೈತಪ್ಪಿದರೆ ಎಲ್ಲವೂ ಕೈತಪ್ಪಿದಂತೆ.

1993: ಮತದಾನಕ್ಕೆ ಮೊದಲೇ ಮುಗಿದ ಚುನಾವಣೆ

ಅನ್ವರ್ ಇಬ್ರಾಹಿಂ 1982ರಲ್ಲಿ ಅಮ್ನೋ ಸೇರಿದವರು. ಓದಿದ್ದು ಅದೇ ಕುವಾಲಾ ಕಾಂಗ್ಸಾರ್ ಮಲಯ್ ಕಾಲೇಜಿನಲ್ಲಿ. ಮುಸ್ಲಿಂ ಯುವ ಚಳವಳಿಯ ನಾಯಕರಾಗಿ ಹೆಸರು ಮಾಡಿ, ಒಂಬತ್ತು ವರ್ಷದಲ್ಲಿ ಹಣಕಾಸು ಸಚಿವ ಸ್ಥಾನಕ್ಕೆ ಏರಿದ್ದರು. 1993ರಲ್ಲಿ ಅವರು ಗಫಾರ್ ಅವರ ಉಪಾಧ್ಯಕ್ಷ ಸ್ಥಾನಕ್ಕೆ ಕೈಹಾಕಿದರು. ಜೊತೆಗೆ ಮುಹಿಯುದ್ದೀನ್ ಯಾಸಿನ್, ನಜೀಬ್ ರಜಾಕ್ ಮೊದಲಾದವರ ತಂಡ. ಮಹಾತಿರ್ ಎರಡು ವರ್ಷ ಮೊದಲು ಘೋಷಿಸಿದ್ದ ‘ವಾವಾಸಾನ್ 2020’ ಮುನ್ನೋಟದ ಹೆಸರನ್ನೇ ತಂಡ ಇಟ್ಟುಕೊಂಡಿತು. ಹೊಸ ಕಾಲಕ್ಕೆ ಹೊಸ ಮಲಯರು ಬೇಕು ಎಂಬುದು ಘೋಷಣೆಯ ಸಾರ. ಅರವತ್ತೆಂಟರ ಹಳ್ಳಿ ಮೇಷ್ಟರಿಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ.

ಇಲ್ಲಿ ನಿಯಮದ ಒಂದು ಸೂಕ್ಷ್ಮವಿದೆ. 1987ರ ಅನುಭವದಿಂದ ಬೆದರಿದ್ದ ಹೊಸ ಅಮ್ನೋ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಕ್ಕೆ ಪಕ್ಷದ ಪ್ರತಿ ವಿಭಾಗ ಮಾಡುವ ನಾಮನಿರ್ದೇಶನಕ್ಕೆ ಹತ್ತು ಹೆಚ್ಚುವರಿ ಮತ ಸೇರಿಸುವ ಪದ್ಧತಿ ತಂದಿತ್ತು. ವಿಭಾಗಗಳು ನೂರೈವತ್ತಕ್ಕೂ ಹೆಚ್ಚು. ಅಂದರೆ ಮಹಾಸಭೆಯಲ್ಲಿ ಮೊದಲ ಮತ ಬೀಳುವ ಮುನ್ನವೇ ಸುಮಾರು 1,500 ಮತಗಳು ಹಂಚಿಹೋಗಿರುತ್ತಿದ್ದವು. ಕುಳಿತವರನ್ನು ಕಾಪಾಡಲು ಕಟ್ಟಿದ ಈ ಗೋಡೆ ಈಗ ಕುಳಿತವರ ಮೇಲೆಯೇ ಬಿತ್ತು. ಬಹುಪಾಲು ವಿಭಾಗಗಳು ಒಂದರ ಹಿಂದೊಂದು ಅನ್ವರ್ ಹೆಸರು ಸೂಚಿಸಿದವು. ಗಫಾರ್ ಅವರ ಬೆನ್ನಿಗೆ ನಿಂತು ಸವಾಲನ್ನು ತಡೆಯುವ ಕೆಲಸವನ್ನು ಮಹಾತಿರ್ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಗಫಾರ್ ಉಪಪ್ರಧಾನಿ ಸ್ಥಾನ ತೊರೆದು ಕಣದಿಂದ ಸರಿದರು. ನವೆಂಬರ್‌ನಲ್ಲಿ ಅನ್ವರ್ ಅವಿರೋಧವಾಗಿ ಆಯ್ಕೆಯಾದರು.

ಮಹಾತಿರ್ 1989ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದಾಗ ದೇಶದ ಹೊಣೆ ಹೊತ್ತು, ಅವರು ಚೇತರಿಸಿಕೊಂಡೊಡನೆ ಕುರ್ಚಿಯನ್ನು ಹಾಗೇ ಒಪ್ಪಿಸಿದವರು ಇದೇ ಗಫಾರ್. ಅವರಂತಹ ಉಪಪ್ರಧಾನಿಯ ವಿದಾಯ ಇಷ್ಟು ಒರಟಾಗಿ ಆಗಬೇಕಿರಲಿಲ್ಲ. ಅಂದಿನ ಗೆದ್ದ ತಂಡದಿಂದ ಮುಂದೆ ಮೂವರು ಪ್ರಧಾನಿಗಳು ಬಂದರು: 2009ರಲ್ಲಿ ನಜೀಬ್, 2020ರಲ್ಲಿ ಮುಹಿಯುದ್ದೀನ್, 2022ರಲ್ಲಿ ಅನ್ವರ್. ಅಷ್ಟರಲ್ಲಿ ಅನ್ವರ್ 1998ರಲ್ಲಿ ಮಹಾತಿರ್ ಅವರಿಂದಲೇ ವಜಾಗೊಂಡು, ಸೆರೆಮನೆ ಕಂಡು, ಆ ಹೋರಾಟದಿಂದಲೇ ಪಿಕೆಆರ್ ಹುಟ್ಟಿತ್ತು. ಗಫಾರ್ 2006ರ ಏಪ್ರಿಲ್ 23ರಂದು ತೀರಿಕೊಂಡರು. ಕೌಲಾಲಂಪುರದ ರಾಷ್ಟ್ರೀಯ ಮಸೀದಿಯ ಬಳಿಯ ವೀರರ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಸ್ಪರ್ಧೆ ಬೇಕೆ, ಬೇಡವೆ?

ಇಂದಿನ ವಾದಗಳೆಲ್ಲ ಈ ಹಿನ್ನೆಲೆಯಿಂದ ಬಂದಿವೆ. ಉನ್ನತ ಸ್ಥಾನಕ್ಕೆ ಸ್ಪರ್ಧೆ ಬೇಡ ಎನ್ನುವವರು 1987ನ್ನು ತೋರಿಸುತ್ತಾರೆ: ನಲವತ್ತಮೂರು ಮತಗಳ ಅಂತರದ ಅಧ್ಯಕ್ಷ ಚುನಾವಣೆ ಪಕ್ಷವನ್ನೇ ಒಡೆಯಿತಲ್ಲ ಎಂದು. ಈ ತರ್ಕದಿಂದಲೇ 2023ರ ಜನವರಿಯಲ್ಲಿ ಅಮ್ನೋ ಮಹಾಸಭೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಆ ಬಾರಿ ಸ್ಪರ್ಧೆ ಬೇಡವೆಂದು ನಿರ್ಣಯಿಸಿತು. ತಿಂಗಳ ಕೊನೆಗೆ, ನಾಯಕತ್ವವನ್ನು ಟೀಕಿಸುತ್ತಿದ್ದ ಮಾಜಿ ಸಚಿವ ಖೈರಿ ಜಮಾಲುದ್ದೀನ್ ಪಕ್ಷದಿಂದ ಉಚ್ಚಾಟಿತರಾದರು. ಸ್ಪರ್ಧೆ ಬೇಕು ಎನ್ನುವವರು ಕೇಳುವ ಪ್ರಶ್ನೆ ಸರಳ: ಸವಾಲೇ ಇಲ್ಲದಿದ್ದರೆ ಸೋತ ನಾಯಕರು ಇಳಿಯುವುದು ಯಾವಾಗ?

ಎರಡನೇ ವಾದ, ಯಾರು ಮತ ಹಾಕಬೇಕು ಎಂಬುದು. ಪ್ರತಿನಿಧಿಗಳು ಕಡಿಮೆಯಿದ್ದಷ್ಟೂ ಕೊಳ್ಳುವುದು ಸುಲಭ ಎಂದು ಮನಗಂಡ ಅಮ್ನೋ, 2009ರಲ್ಲಿ ನಿಯಮ ಬದಲಿಸಿ ಮತದಾರರ ಸಂಖ್ಯೆಯನ್ನು ಸುಮಾರು 2,500ರಿಂದ 1,46,000ಕ್ಕೂ ಮೇಲೆ ಒಯ್ದಿತು. ಪಿಕೆಆರ್ ಇನ್ನೂ ಮುಂದೆ ಹೋಗಿ ಪ್ರತಿ ಸದಸ್ಯರಿಗೂ ಒಂದು ಮತ ಕೊಟ್ಟಿತ್ತು. ಆದರೆ 2025ರಲ್ಲಿ ಅದು ಹಿಂದಕ್ಕೆ ಬಂದು, ವಿಭಾಗ ಮಟ್ಟದಲ್ಲಿ ಆಯ್ಕೆಯಾದ ಸುಮಾರು 32,000 ಪ್ರತಿನಿಧಿಗಳಿಗೆ ಮಾತ್ರ ಮತಾಧಿಕಾರ ಕೊಟ್ಟಿತು. ಮತ ಹಾಕಿದವರು ಅವರಲ್ಲಿ ಅರ್ಧಕ್ಕಿಂತ ಕಡಿಮೆ. ವಿಭಾಗಗಳ ಚುನಾವಣೆಯಲ್ಲೇ ಅಕ್ರಮ ನಡೆದು ಫಲಿತಾಂಶ ಮೊದಲೇ ನಿಗದಿಯಾಯಿತು ಎಂದು ರಫೀಝಿ ಬಣ ದೂರಿತು. ಪಕ್ಷದ ನಾಯಕತ್ವ ಅದನ್ನು ಒಪ್ಪಲಿಲ್ಲ.

ಮೂರನೆಯದು ಕುಟುಂಬ ರಾಜಕಾರಣದ ಆರೋಪ. ನೂರುಲ್ ಇಝ್ಝಾ 2008ರಲ್ಲಿ ಹಾಲಿ ಸಚಿವೆಯನ್ನೇ ಸೋಲಿಸಿ ಸಂಸತ್ತಿಗೆ ಬಂದವರು, ತಂದೆ ಸೆರೆಯಲ್ಲಿದ್ದಾಗ ಬೀದಿಯಲ್ಲಿ ನಿಂತವರು ಎಂಬುದು ಅವರ ಪರ ಮಾತು. ತೂಕವಿರುವ ಮಾತೇ. ಆದರೆ ಅಧ್ಯಕ್ಷ ತಂದೆ, ಉಪಾಧ್ಯಕ್ಷೆ ಮಗಳು ಎಂಬ ಚಿತ್ರ, ಸುಧಾರಣೆಯ ಹೆಸರಿನಲ್ಲಿ ಹುಟ್ಟಿದ ಪಕ್ಷಕ್ಕೆ ಸಲೀಸಾಗಿ ಹೊಂದುವುದಿಲ್ಲ.

ರಫೀಝಿ ರಾಜೀನಾಮೆಯ ಕಾರಣವೂ ಈಗ ಅರ್ಥವಾಗುತ್ತದೆ. ಸೋತರೆ ಸಂಪುಟ ಬಿಡುವೆನೆಂದು ಅವರು ಮೊದಲೇ ಹೇಳಿದ್ದರು. ಪಕ್ಷದ ಆದೇಶವಿಲ್ಲದೆ ಸಚಿವರಾಗಿ ಕೂರುವುದು ಆ ರಾಜಕೀಯ ಸಂಪ್ರದಾಯದಲ್ಲಿ ನೆಲೆಯಿಲ್ಲದ ಅಧಿಕಾರ. ಗಫಾರ್ 1976ರಲ್ಲಿ ಸಂಪುಟ ಬೇಡವೆಂದದ್ದರಲ್ಲೂ 1993ರಲ್ಲಿ ಇಳಿದದ್ದರಲ್ಲೂ ಇದೇ ಲೆಕ್ಕ ಕಾಣುತ್ತದೆ.

ಮುಂದೇನಾಗಬಹುದು?

ಹಳೆಯ ಸಮೀಕರಣ ಈಗ ಹಾಗೇ ಉಳಿದಿಲ್ಲ. 2022ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮಿಶ್ರ ಸರ್ಕಾರದ ಇಬ್ಬರು ಉಪಪ್ರಧಾನಿಗಳಲ್ಲಿ ಒಬ್ಬರು ಅಮ್ನೋ ಅಧ್ಯಕ್ಷ ಜಾಹಿದ್ ಹಮೀದಿ, ಇನ್ನೊಬ್ಬರು ಸರಾವಾಕ್‌ನ ಫಾದಿಲ್ಲಾ ಯೂಸುಫ್. ಪ್ರಧಾನಿಯ ಪಕ್ಷದ ಎರಡನೇ ಸ್ಥಾನಕ್ಕೆ ಉಪಪ್ರಧಾನಿ ಪಟ್ಟ ತಾನಾಗಿ ಅಂಟಿಕೊಳ್ಳುವ ಕಾಲ ಸದ್ಯಕ್ಕೆ ಮುಗಿದಿದೆ.

ಹಾಗಾದರೆ ಪಿಕೆಆರ್ ಉಪಾಧ್ಯಕ್ಷ ಸ್ಥಾನದ ತೂಕ ಎಲ್ಲಿದೆ? ಮುಂದಿನ ಸಾರ್ವತ್ರಿಕ ಚುನಾವಣೆ 2028ರ ಆರಂಭದೊಳಗೆ ನಡೆಯಲೇಬೇಕು. ಆ ವೇಳೆಗೆ ಅನ್ವರ್ ಎಂಬತ್ತರ ಹರೆಯದಲ್ಲಿರುತ್ತಾರೆ. ಅಭ್ಯರ್ಥಿಗಳ ಪಟ್ಟಿ ಮಾಡುವಾಗ, ಮಿತ್ರಪಕ್ಷಗಳ ಜೊತೆ ಸ್ಥಾನ ಹಂಚಿಕೊಳ್ಳುವಾಗ ಉಪಾಧ್ಯಕ್ಷರ ಮಾತು ನಡೆಯುತ್ತದೆ. ಅನ್ವರ್ ಹಿಂದೆ ಸರಿಯುವ ಸಂದರ್ಭ ಬಂದರೆ ಪಕ್ಷದ ಕೀಲಿಕೈ ಅವರ ಕೈಯಲ್ಲಿರುತ್ತದೆ.

ಆದರೆ ಪ್ರಧಾನಿ ಪೀಠದ ಕೀಲಿಕೈ ಬೇರೆ. ನೂರುಲ್ ಇಝ್ಝಾ 2022ರಲ್ಲಿ ತಮ್ಮ ಕುಟುಂಬದ ಪೆರ್ಮತಾಂಗ್ ಪೌಹ್ ಕ್ಷೇತ್ರದಲ್ಲೇ ಸೋತರು. ಪಕ್ಷದ ಚುನಾವಣೆ ಗೆದ್ದಾಗ ಅವರು ಸಂಸದೆಯಾಗಿರಲಿಲ್ಲ. ಸಂವಿಧಾನದ ಪ್ರಕಾರ ಸಚಿವರಾಗಲು ಎರಡು ಮನೆಗಳಲ್ಲಿ ಒಂದರ ಸದಸ್ಯತ್ವ ಬೇಕು, ಪ್ರಧಾನಿಯಾಗಲು ಕೆಳಮನೆಯ ಸದಸ್ಯತ್ವವೇ ಬೇಕು. ಪಕ್ಷದ 9,803 ಪ್ರತಿನಿಧಿಗಳ ಮತ ಅಲ್ಲಿಗೆ ಕರೆದೊಯ್ಯುವುದಿಲ್ಲ. ಒಂದು ಕ್ಷೇತ್ರದ ಸಾಮಾನ್ಯ ಮತದಾರರ ಮುಂದೆ ಮತ್ತೆ ಹೋಗಿ ನಿಲ್ಲಬೇಕು. ಉತ್ತರದ ಮಲಯ್ ಹಳ್ಳಿಗಳ ಆ ಮತದಾರರು 2022ರಲ್ಲಿ ದೊಡ್ಡ ಸಂಖ್ಯೆಯಲ್ಲಿ ವಿರೋಧ ಪಕ್ಷದ ಕಡೆ ವಾಲಿದವರು.